ಮೊದಲು ಕೆಡುವುದು ಕರೆಂಟ್ ಡಬ್ಬಿ: ಬಿಬಿಸಿ ಮೈಕ್ರೊ ಎಂಬ ಹಳೇ ಕಂಪ್ಯೂಟರಿನ ಕಥೆ

ಮೂವತ್ತು ವರ್ಷ ಅಟ್ಟದ ಮೇಲೆ ಬಿದ್ದಿದ್ದ ಒಂದು ಕಂಪ್ಯೂಟರ್. ಯಾರೋ ಕೆಳಗಿಳಿಸಿ, ಧೂಳು ಒರೆಸಿ, ಪ್ಲಗ್ ಹಾಕಿ ಸ್ವಿಚ್ ಒತ್ತುತ್ತಾರೆ. 'ಪೀಂ' ಅಂತ ಸದ್ದು ಬರುತ್ತದೆ. ಪರದೆ ಮೇಲೆ ಅಕ್ಷರ ಮೂಡುತ್ತದೆ. ಸುತ್ತ ನಿಂತವರಿಗೆಲ್ಲ ಖುಷಿ. ಸ್ವಲ್ಪ ಹೊತ್ತು ಕಳೆದ ಮೇಲೆ 'ಟಪ್' ಅಂತ ಇನ್ನೊಂದು ಸದ್ದು. ಡಬ್ಬಿಯ ಒಳಗಿನಿಂದ ದಟ್ಟ ಹೊಗೆ, ಮೂಗು ಮುಚ್ಚಿಕೊಳ್ಳುವಂಥ ವಾಸನೆ. ವಿಚಿತ್ರ ಏನೆಂದರೆ, ಎಷ್ಟೋ ಸಲ ಅಷ್ಟು ಹೊಗೆ ಬಂದರೂ ಪರದೆ ಮೇಲಿನ ಅಕ್ಷರ ಅಲುಗಾಡದೆ ಹಾಗೇ ಇರುತ್ತದೆ.

ಇಂಗ್ಲೆಂಡಿನಲ್ಲಿ ಬಿಬಿಸಿ ಮೈಕ್ರೊ ಎಂಬ ಹಳೇ ಕಂಪ್ಯೂಟರನ್ನು ಇಟ್ಟುಕೊಂಡ ಬಹಳ ಜನ ಕಂಡ ದೃಶ್ಯ ಇದು. ಆ ಯಂತ್ರದ 'ಮೆದುಳು' ಅಂದರೆ ಪ್ರೊಸೆಸರ್, ನಲವತ್ತು ವರ್ಷ ಕಳೆದರೂ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಕೆಡುವುದು ಗೋಡೆಯ ಕರೆಂಟನ್ನು ತಗ್ಗಿಸಿ ಅದಕ್ಕೆ ಉಣಿಸುವ ಒಂದು ತಗಡಿನ ಡಬ್ಬಿ. ಅದಕ್ಕೆ ಪವರ್ ಸಪ್ಲೈ ಅಂತ ಹೆಸರು. ಕಂಪ್ಯೂಟರ್ ಚರಿತ್ರೆ ಬರೆಯುವವರು ಪ್ರೊಸೆಸರ್ ಬಗ್ಗೆ, ಅದನ್ನು ಮಾಡಿದ ಜಾಣರ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ. ಈ ಡಬ್ಬಿಯ ಬಗ್ಗೆ ಬರೆಯುವವರು ಕಡಿಮೆ. ಆದರೆ ಹಳೇ ಯಂತ್ರ ಉಳಿಯುತ್ತದೋ ಗುಜರಿಗೆ ಹೋಗುತ್ತದೋ ಎಂಬುದು ಬಹಳ ಸಲ ಈ ಡಬ್ಬಿಯ ಮೇಲೆಯೇ ನಿಂತಿರುತ್ತದೆ. ಯಂತ್ರದ ಒಳಗಿರುವ ಬರಹ, ಲೆಕ್ಕ, ನೆನಪುಗಳ ಗತಿಯೂ ಅಷ್ಟೇ.

ನೀವು ಈಗ ಈ ಬರಹ ಓದುತ್ತಿರುವ ಫೋನಿಗೂ ಆ ಕಂಪ್ಯೂಟರಿಗೂ ಎರಡು ನಂಟುಗಳಿವೆ. ಒಂದು ನಿಮ್ಮ ಚಾರ್ಜರ್ ಒಳಗಿದೆ. ಇನ್ನೊಂದು ಫೋನಿನ ಒಳಗೇ ಇದೆ. ಎರಡನ್ನೂ ಮುಂದೆ ನೋಡೋಣ.

ಟಿವಿ ಕಲಿಸಿದ ಕಂಪ್ಯೂಟರ್

1980ರ ಸುಮಾರಿಗೆ ಬ್ರಿಟನ್ನಿನಲ್ಲಿ ಒಂದು ಚಿಂತೆ ಶುರುವಾಗಿತ್ತು. ಕಂಪ್ಯೂಟರ್ ಬರುತ್ತಿದೆ, ಕೆಲಸಗಳು ಬದಲಾಗುತ್ತಿವೆ, ಸಾಮಾನ್ಯ ಜನರಿಗೆ ಅದರ ಗಂಧಗಾಳಿ ಇಲ್ಲ. ಆಗ ಬಿಬಿಸಿ ಟಿವಿ ಸಂಸ್ಥೆ ಜನರಿಗೆ ಕಂಪ್ಯೂಟರ್ ಕಲಿಸುವ ಕಾರ್ಯಕ್ರಮ ಮಾಡಲು ಹೊರಟಿತು. ಟಿವಿಯಲ್ಲಿ ತೋರಿಸುವ ಯಂತ್ರ ಜನರ ಮನೆಯಲ್ಲೂ ಇರಬೇಕಲ್ಲ? ಅದಕ್ಕಾಗಿ ಕೇಂಬ್ರಿಡ್ಜಿನ ಏಕಾರ್ನ್ ಎಂಬ ಸಣ್ಣ ಕಂಪನಿಗೆ ಕೆಲಸ ಸಿಕ್ಕಿತು. ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಎಂಬ ಇಬ್ಬರು ಎಳೆಯ ಎಂಜಿನಿಯರುಗಳು ಅದರ ವಿನ್ಯಾಸದ ಮುಂಚೂಣಿಯಲ್ಲಿದ್ದರು.

1981ರ ಡಿಸೆಂಬರಿನಲ್ಲಿ ಬಿಬಿಸಿ ಮೈಕ್ರೊ ಹೊರಬಂತು. 1982ರ ಜನವರಿಯಲ್ಲಿ ಟಿವಿ ಕಾರ್ಯಕ್ರಮ ಶುರುವಾಯಿತು. ಯಂತ್ರದ 'ಬಿ' ಮಾದರಿಯಲ್ಲಿದ್ದ ಮೆಮೊರಿ 32 ಕೆಬಿ. ಇವತ್ತು ವಾಟ್ಸಾಪಿನಲ್ಲಿ ಬರುವ ಒಂದು ಗುಡ್ ಮಾರ್ನಿಂಗ್ ಫೋಟೊ ಕೂಡ ಅದರಲ್ಲಿ ಹಿಡಿಸುವುದು ಕಷ್ಟ. ಆದರೂ ಮಕ್ಕಳು ಅದರಲ್ಲಿ ಪ್ರೋಗ್ರಾಂ ಬರೆದರು, ಆಟ ಮಾಡಿದರು, ಲೆಕ್ಕ ಕಲಿತರು. 12,000 ಯಂತ್ರ ಮಾರಿದರೆ ಸಾಕು ಎಂದುಕೊಂಡಿದ್ದವರು ಕೊನೆಗೆ 15 ಲಕ್ಷ ಮಾರಿದರು.

ಈ ಯಂತ್ರ ಭಾರತಕ್ಕೂ ಬಂತು. 1984ರಲ್ಲಿ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ ಮತ್ತು ಶಿಕ್ಷಣ ಸಚಿವಾಲಯ ಸೇರಿ 'ಕ್ಲಾಸ್' ಎಂಬ ಯೋಜನೆ ತಂದವು. ಶಾಲಾ ಮಕ್ಕಳಿಗೆ ಕಂಪ್ಯೂಟರ್ ಪರಿಚಯ ಮಾಡಿಸುವುದು ಅದರ ಉದ್ದೇಶ. ಮೊದಲ ಹಂತದಲ್ಲಿ ದೇಶದ ಸುಮಾರು 250 ಶಾಲೆಗಳಿಗೆ ಹೋದದ್ದು ಇದೇ ಬಿಬಿಸಿ ಮೈಕ್ರೊ. ಮುಂದೆ ಸರ್ಕಾರದ್ದೇ ಆದ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಕಂಪನಿ 'ಯೂನಿಕಾರ್ನ್' ಎಂಬ ಹೆಸರಿನಲ್ಲಿ ಅದನ್ನು ಇಲ್ಲೇ ತಯಾರಿಸಿತು. ನಮ್ಮ ದೇಶದ ಸರ್ಕಾರಿ ಕಂಪ್ಯೂಟರ್ ಶಿಕ್ಷಣ ಹೀಗೆ ಶುರುವಾಯಿತು.

ಬಿಸಿಯಾಗುವ ಡಬ್ಬಿ, ತಣ್ಣಗಿರುವ ಡಬ್ಬಿ

ಕಂಪ್ಯೂಟರಿನ ಚಿಪ್ಪುಗಳಿಗೆ ಬೇಕಾದ್ದು 5 ವೋಲ್ಟ್. ಗೋಡೆಯಲ್ಲಿ ಬರುವುದು ನಮ್ಮಲ್ಲಿ 230 ವೋಲ್ಟ್, ಆಗಿನ ಇಂಗ್ಲೆಂಡಿನಲ್ಲಿ 240. ಅದೂ ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುವ ಎಸಿ ಕರೆಂಟ್. ಚಿಪ್ಪಿಗೆ ಬೇಕಾದ್ದು ಒಂದೇ ದಿಕ್ಕಿನಲ್ಲಿ, ಒಂದೇ ಸಮ ಹರಿಯುವ ಡಿಸಿ. ಈ ಬದಲಾವಣೆ ಮಾಡಲು ಎರಡು ದಾರಿಗಳಿವೆ.

ತೋಟಕ್ಕೆ ಅರ್ಧ ಇಂಚು ನೀರು ಸಾಕು, ಬೋರಿನಲ್ಲಿ ಎರಡಿಂಚು ಬರುತ್ತಿದೆ ಅಂದುಕೊಳ್ಳಿ. ಬೇಕಾದಷ್ಟು ಬಳಸಿ ಉಳಿದದ್ದನ್ನು ಚರಂಡಿಗೆ ಬಿಡುವುದು ಒಂದು ದಾರಿ. ವಾಲ್ವನ್ನು ಆಗಾಗ ತೆಗೆದು ಮುಚ್ಚಿ, ತೊಟ್ಟಿಗೆ ತುಂಬಿಸಿಕೊಂಡು, ಅಲ್ಲಿಂದ ಒಂದೇ ಸಮ ಹರಿಸುವುದು ಇನ್ನೊಂದು ದಾರಿ.

ಹಳೇ ಕಾಲದ ಪವರ್ ಸಪ್ಲೈ ಮೊದಲ ದಾರಿಯದು. ಅದಕ್ಕೆ ಲೀನಿಯರ್ ಎನ್ನುತ್ತಾರೆ. ದೊಡ್ಡ ಟ್ರಾನ್ಸ್‌ಫಾರ್ಮರ್ ಇಟ್ಟು ವೋಲ್ಟೇಜ್ ತಗ್ಗಿಸಿ, ಮಿಕ್ಕ ಹೆಚ್ಚಿನ ವೋಲ್ಟೇಜನ್ನು ಬಿಸಿಯಾಗಿ ಹೊರಗೆ ಬಿಡುವುದು. ಕಟ್ಟುವುದು ಸುಲಭ, ರಿಪೇರಿ ಸುಲಭ. ಆದರೆ ಭಾರ ಜಾಸ್ತಿ, ಬಿಸಿ ಜಾಸ್ತಿ, ಕರೆಂಟಿನ ಅರ್ಧಕ್ಕರ್ಧ ಪೋಲು.

ಎರಡನೇ ದಾರಿಗೆ ಸ್ವಿಚಿಂಗ್ ಪವರ್ ಸಪ್ಲೈ ಎಂದು ಹೆಸರು. ಅದರೊಳಗೆ ಒಂದು ಟ್ರಾನ್ಸಿಸ್ಟರ್ ಸೆಕೆಂಡಿಗೆ ಹತ್ತಾರು ಸಾವಿರ ಸಲ ಆನ್-ಆಫ್ ಆಗುತ್ತದೆ. ಅದೇ ನಮ್ಮ ವಾಲ್ವ್. ತೊಟ್ಟಿಯ ಕೆಲಸ ಮಾಡುವುದು ಕೆಪಾಸಿಟರ್. ಫ್ಯಾನು, ಪಂಪ್‌ಸೆಟ್ ರಿಪೇರಿಯವರು ಕಂಡೆನ್ಸರ್ ಎನ್ನುತ್ತಾರಲ್ಲ, ಅದೇ ಜಾತಿಯದು. ಇಷ್ಟು ವೇಗದಲ್ಲಿ ಕೆಲಸ ಮಾಡುವುದರಿಂದ ಟ್ರಾನ್ಸ್‌ಫಾರ್ಮರ್ ಬೆಂಕಿಪೊಟ್ಟಣದಷ್ಟು ಸಣ್ಣದಾದರೂ ನಡೆಯುತ್ತದೆ. ಬಿಸಿಯೂ ಕಡಿಮೆ.

ಈ ಉಪಾಯ ಮೊದಲೇ ಗೊತ್ತಿತ್ತು. ಆದರೆ ಅಷ್ಟು ವೋಲ್ಟೇಜ್ ತಡೆದುಕೊಂಡು ಅಷ್ಟು ಬೇಗ ಕೆಲಸ ಮಾಡುವ ಟ್ರಾನ್ಸಿಸ್ಟರುಗಳು ಅಗ್ಗವಾಗಿ ಸಿಗಲು 1970ರ ದಶಕ ಬರಬೇಕಾಯಿತು. ಮನೆ ಬಳಕೆಯ ಕಂಪ್ಯೂಟರಿನಲ್ಲಿ ಇದನ್ನು ಹೆಸರು ಮಾಡಿಸಿದ್ದು 1977ರ ಆ್ಯಪಲ್ 2. ಅದರ ಪವರ್ ಸಪ್ಲೈ ಮಾಡಿದವರು ರಾಡ್ ಹೋಲ್ಟ್. ಯಂತ್ರಕ್ಕೆ ಫ್ಯಾನ್ ಬೇಡ, ಸದ್ದಾಗುತ್ತದೆ ಎಂದು ಸ್ಟೀವ್ ಜಾಬ್ಸ್ ಹಟ ಹಿಡಿದಿದ್ದರು. ಫ್ಯಾನ್ ಇಲ್ಲದಿದ್ದರೆ ಡಬ್ಬಿ ಬಿಸಿಯಾಗಬಾರದು. ಹೋಲ್ಟ್ ಅದನ್ನು ಮಾಡಿ ತೋರಿಸಿದರು. ಜಾಬ್ಸ್ ಹೆಸರು ನಮ್ಮ ಹಳ್ಳಿಗಳಲ್ಲೂ ಕೆಲವರಿಗೆ ಗೊತ್ತು. ಹೋಲ್ಟ್ ಹೆಸರು ಎಂಜಿನಿಯರುಗಳಲ್ಲೇ ಎಷ್ಟೋ ಜನರಿಗೆ ಗೊತ್ತಿಲ್ಲ.

ಬಿಬಿಸಿ ಮೈಕ್ರೊ ಈ ಎರಡೂ ಕಾಲದ ಹೊಸ್ತಿಲಲ್ಲಿ ಹುಟ್ಟಿತು. ಮೊದಮೊದಲು ಮಾರಿದ ಯಂತ್ರಗಳಲ್ಲಿ ಲೀನಿಯರ್ ಡಬ್ಬಿ ಇತ್ತು. ಅದು ವಿಪರೀತ ಬಿಸಿಯಾಗುತ್ತಿದೆ ಎಂದು ಬೇಗನೆ ಗೊತ್ತಾಗಿ ಏಕಾರ್ನ್ ಸ್ವಿಚಿಂಗ್ ಡಬ್ಬಿಗೆ ಬದಲಾಯಿತು. ಆ್ಯಪಲ್ 2ಕ್ಕೆ ಡಬ್ಬಿ ಮಾಡಿಕೊಟ್ಟಿದ್ದ ಆಸ್ಟೆಕ್ ಕಂಪನಿಯೇ ಇದಕ್ಕೂ ಮಾಡಿಕೊಟ್ಟಿತು.

ಫೋನಿನ ಜತೆಗಿನ ಮೊದಲ ನಂಟು ಇಲ್ಲಿದೆ. ನಿಮ್ಮ ಚಾರ್ಜರ್ ಕೂಡ ಒಂದು ಸ್ವಿಚಿಂಗ್ ಪವರ್ ಸಪ್ಲೈ. 230 ವೋಲ್ಟ್ ತೆಗೆದುಕೊಂಡು ಅದು ಕೊಡುವುದೂ ಮಾಮೂಲಿಯಾಗಿ ಅದೇ 5 ವೋಲ್ಟ್. ಆಗ ಒಂದು ಇಟ್ಟಿಗೆಗಿಂತ ದೊಡ್ಡದಿದ್ದ ಡಬ್ಬಿ ಈಗ ಅಂಗೈಯಲ್ಲಿ ಕೂರುತ್ತದೆ.

ಜೇನು ಬಣ್ಣದ ಕಂಡೆನ್ಸರ್

ಹಾಗಾದರೆ ಹೊಗೆ ಎಲ್ಲಿಂದ ಬಂತು?

ಸ್ವಿಚಿಂಗ್ ಸಪ್ಲೈಗೆ ಒಂದು ಕೆಟ್ಟ ಗುಣ ಇದೆ. ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಆಗುವುದರಿಂದ ಅದು ಮನೆಯ ವೈರಿಂಗಿಗೇ ಗದ್ದಲ ಬಿಡುತ್ತದೆ. ಪಕ್ಕದ ರೇಡಿಯೊ ಗರಗರ ಎನ್ನುತ್ತದೆ. ಅದನ್ನು ತಡೆಯಲು ಕರೆಂಟ್ ಒಳಬರುವ ಬಾಗಿಲಲ್ಲೇ ಒಂದೆರಡು ಕೆಪಾಸಿಟರ್ ಇಡುತ್ತಾರೆ. ಬಿಬಿಸಿ ಮೈಕ್ರೊದ ಡಬ್ಬಿಗಳಲ್ಲಿ ಅಲ್ಲಿ ಇದ್ದದ್ದು ಸ್ವೀಡನ್ನಿನ ರಿಫಾ ಕಂಪನಿಯ ಕೆಪಾಸಿಟರ್. ಜೇನುತುಪ್ಪದ ಬಣ್ಣ, ಆಚೆಯಿಂದ ಅರೆಬರೆ ಕಾಣುವಂಥ ಕವಚ. ಒಳಗೆ ಲೋಹದ ತೆಳು ಲೇಪ ಹಚ್ಚಿದ ಕಾಗದದ ಸುರುಳಿ.

ಕಾಗದ ಏಕೆ ಎಂದು ಕೇಳಬಹುದು. ಅದಕ್ಕೆ ಒಳ್ಳೆಯ ಕಾರಣ ಇತ್ತು. ಲೈನಿನಲ್ಲಿ ಒಮ್ಮೆ ವೋಲ್ಟೇಜ್ ಜಿಗಿದು ಒಳಗೆ ಕಿಡಿ ಹಾರಿದರೆ, ಆ ಜಾಗದ ಲೋಹದ ಲೇಪ ಆವಿಯಾಗಿ ತೂತು ತಾನೇ ಮುಚ್ಚಿಹೋಗುತ್ತದೆ. ಗಾಯ ತಾನೇ ಮಾಯುವ ಹಾಗೆ. ಆ ಕಾಲಕ್ಕೆ ಅದು ಉತ್ತಮ ಸಾಮಾನು ಎಂದೇ ಹೆಸರಾಗಿತ್ತು.

ಆದರೆ ವರ್ಷಗಳು ಕಳೆದಂತೆ ಅದರ ಕವಚದಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು ಮೂಡುತ್ತದೆ. ಬಿರುಕಿನಲ್ಲಿ ಗಾಳಿಯ ತೇವ ಒಳಗೆ ಹೋಗುತ್ತದೆ. ಕಾಗದ ತೇವ ಹೀರುತ್ತದೆ. ಯಂತ್ರ ಮೂಲೆಯಲ್ಲಿ ಸುಮ್ಮನೆ ಇರುವಷ್ಟು ಕಾಲ ಏನೂ ಆಗುವುದಿಲ್ಲ. ಸ್ವಿಚ್ ಹಾಕಿದ ದಿನ ತೇವದ ಕಾಗದದ ಮೂಲಕ ಕರೆಂಟ್ ಸೋರಿ, ಬಿಸಿಯಾಗಿ, ಸುಟ್ಟು ಹೊಗೆ ಬರುತ್ತದೆ. ಗದ್ದಲ ತಡೆಯುವುದಷ್ಟೇ ಅದರ ಕೆಲಸ ಆದ್ದರಿಂದ, ಫ್ಯೂಸ್ ಹೋಗದಿದ್ದರೆ ಕಂಪ್ಯೂಟರ್ ಏನೂ ಆಗಿಲ್ಲವೆಂಬಂತೆ ಓಡುತ್ತಲೇ ಇರುತ್ತದೆ. ಮೊದಲು ಹೇಳಿದ ವಿಚಿತ್ರಕ್ಕೆ ಕಾರಣ ಇಷ್ಟೇ.

ಇನ್ನೊಂದು ಜಾತಿಯ ಕೆಪಾಸಿಟರ್ ಸದ್ದಿಲ್ಲದೆ ಸಾಯುತ್ತದೆ. ಅದು ಎಲೆಕ್ಟ್ರೋಲಿಟಿಕ್, ಸಣ್ಣ ಡ್ರಮ್ಮಿನ ಆಕಾರದ್ದು. ಅದರೊಳಗೆ ದ್ರವ ಇರುತ್ತದೆ. ಬಿಸಿಗೆ, ವಯಸ್ಸಿಗೆ ದ್ರವ ಒಣಗುತ್ತದೆ. ಆಗ ತೊಟ್ಟಿ ಚಿಕ್ಕದಾದ ಹಾಗೆ. ಪರದೆ ನಡುಗುತ್ತದೆ, ಯಂತ್ರ ತಾನಾಗಿ ನಿಂತು ಮತ್ತೆ ಶುರುವಾಗುತ್ತದೆ, ಕೆಲವು ಸಲ ಶುರುವೇ ಆಗುವುದಿಲ್ಲ.

ತಪ್ಪು ಎಲ್ಲಿದೆ ಎಂದು ಹುಡುಕುವ ಕ್ರಮ

ಸ್ವಿಚ್ ಹಾಕುವ ಗಳಿಗೆಯೇ ಅಪಾಯದ ಗಳಿಗೆ ಎಂಬುದು ಕಂಪ್ಯೂಟರಿನಷ್ಟೇ ಹಳೇ ಪಾಠ. 1945ರಲ್ಲಿ ಅಮೆರಿಕದಲ್ಲಿ ಕಟ್ಟಿ ಮುಗಿಸಿದ ಎನಿಯಾಕ್ ಯಂತ್ರದಲ್ಲಿ ಸುಮಾರು 18,000 ಗಾಜಿನ ವಾಲ್ವುಗಳಿದ್ದವು. ಅವು ಹೆಚ್ಚಾಗಿ ಸುಡುತ್ತಿದ್ದದ್ದು ಯಂತ್ರ ಆನ್ ಮಾಡಿ ಬಿಸಿಯಾಗುವಾಗ ಅಥವಾ ಆಫ್ ಮಾಡಿ ಆರುವಾಗ. ಹಾಗಾಗಿ ಅದನ್ನು ಆದಷ್ಟು ಆರಿಸದೆ ಇಡುತ್ತಿದ್ದರು. ನಮ್ಮ ಮನೆಯ ಹಳೇ ಬಲ್ಬು ಕೂಡ ಸ್ವಿಚ್ ಹಾಕಿದ ಕ್ಷಣದಲ್ಲೇ ಹೋಗುತ್ತಿದ್ದದ್ದು ನೆನಪಿರಬೇಕು.

ಹಳೇ ಕಂಪ್ಯೂಟರ್ ರಿಪೇರಿ ಮಾಡುವವರು ಅನುಭವದಿಂದ ಒಂದು ಕ್ರಮ ಮಾಡಿಕೊಂಡಿದ್ದಾರೆ. ಅದರ ಮೊದಲ ನಿಯಮ, ಸಿಕ್ಕ ಕೂಡಲೇ ಸ್ವಿಚ್ ಹಾಕಬೇಡಿ.

ಮೊದಲು ಕಣ್ಣಿನಲ್ಲಿ ನೋಡುವುದು, ಮೂಗಿನಲ್ಲಿ ಮೂಸುವುದು. ಜೇನು ಬಣ್ಣದ ಕೆಪಾಸಿಟರಿನಲ್ಲಿ ಬಿರುಕಿದೆಯಾ? ಡ್ರಮ್ಮಿನಂಥವು ಉಬ್ಬಿವೆಯಾ, ಬುಡದಲ್ಲಿ ಏನಾದರೂ ಸೋರಿದೆಯಾ? ಬಿರುಕಿದ್ದರೆ ಪರೀಕ್ಷೆಯೇ ಬೇಡ. ತೆಗೆದು ಹೊಸದು ಬೆಸೆಯುವುದೇ ಸರಿ. ಬಹಳ ಜನ ಬಿರುಕು ಕಾಣದಿದ್ದರೂ ಬದಲಾಯಿಸಿಬಿಡುತ್ತಾರೆ.

ಎರಡನೆಯದು, ಡಬ್ಬಿಯನ್ನು ಕಂಪ್ಯೂಟರಿನಿಂದ ಬೇರೆ ಮಾಡುವುದು. ಬಿಬಿಸಿ ಮೈಕ್ರೊದಲ್ಲಿ ಡಬ್ಬಿಯಿಂದ ಮುಖ್ಯ ಬೋರ್ಡಿಗೆ ಹೋಗುವುದು ಏಳು ತಂತಿ. ಮೂರು ಕೆಂಪು, ಅವು 5 ವೋಲ್ಟಿನವು. ಮೂರು ಕಪ್ಪು, ಅವು ಸೊನ್ನೆಯವು. ಒಂದು ನೇರಳೆ, ಅದು ಮೈನಸ್ 5 ವೋಲ್ಟಿನದು. ಅವನ್ನು ಕಳಚಿದರೆ ಡಬ್ಬಿಗೆ ಏನೇ ಆದರೂ ಚಿಪ್ಪುಗಳಿಗೆ ಏಟು ಬೀಳುವುದಿಲ್ಲ.

ಮೂರನೆಯದು ಸೀರೀಸ್ ಬಲ್ಬ್. ಇದನ್ನು ನಮ್ಮೂರ ಎಲೆಕ್ಟ್ರಿಷಿಯನ್ನುಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೆಟ್ಟ ಸಾಮಾನನ್ನು ನೇರವಾಗಿ ಲೈನಿಗೆ ಕೊಡದೆ, ಮಧ್ಯೆ ಒಂದು ಹಳೇ ಕಾಲದ ಬಿಸಿಯಾಗುವ ಬಲ್ಬ್ ಸೇರಿಸುವುದು. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಸಾಮಾನು ಉಳಿಯುತ್ತದೆ. ಶಾರ್ಟ್ ಇಲ್ಲದಿದ್ದರೆ ಬಲ್ಬ್ ಒಮ್ಮೆ ಮಿಂಚಿ ಮಂಕಾಗುತ್ತದೆ. ಲಂಡನ್ನಿನ ಮ್ಯೂಸಿಯಂ ಆಗಲಿ, ಇಲ್ಲಿನ ಮಿಕ್ಸಿ ರಿಪೇರಿ ಅಂಗಡಿಯಾಗಲಿ, ಉಪಾಯ ಒಂದೇ.

ನಾಲ್ಕನೆಯದು ಅಳತೆ. ಈ ಜಾತಿಯ ಚಿಪ್ಪುಗಳಿಗೆ 4.75ರಿಂದ 5.25 ವೋಲ್ಟ್ ಒಳಗೆ ಇರಬೇಕು. ಕಡಿಮೆಯಾದರೆ ಯಂತ್ರ ತಡವರಿಸುತ್ತದೆ. ಜಾಸ್ತಿಯಾದರೆ ಚಿಪ್ಪು ಸಾಯುತ್ತದೆ. ಕೆಲವು ಸ್ವಿಚಿಂಗ್ ಸಪ್ಲೈಗಳು ಖಾಲಿ ಇದ್ದಾಗ ಸರಿಯಾಗಿ ಕೆಲಸ ಮಾಡುವುದಿಲ್ಲ. ಎತ್ತಿಗೆ ನೊಗ ಹಾಕಿದರೇ ಅದರ ಶಕ್ತಿ ಗೊತ್ತಾಗುವುದು ಅನ್ನುವ ಹಾಗೆ. ಹಾಗಾಗಿ ಒಂದು ರೆಸಿಸ್ಟರನ್ನೋ ಗಾಡಿಯ ಬಲ್ಬನ್ನೋ ಹೊರೆಯಾಗಿ ಕೊಟ್ಟು ಅಳೆಯುತ್ತಾರೆ.

ಇಷ್ಟೆಲ್ಲ ಆದ ಮೇಲೆ ಏಳು ತಂತಿ ಮತ್ತೆ ಜೋಡಿಸಿ ಕಿವಿ ಕೊಡುತ್ತಾರೆ. ಬಿಬಿಸಿ ಮೈಕ್ರೊ ಆನ್ ಆದಾಗ ಎರಡು ಸದ್ದು ಬರಬೇಕು. ಮೊದಲು ತಗ್ಗಿನ ದನಿ, ಹಿಂದೆಯೇ ಏರಿದ ದನಿಯ ಪುಟ್ಟ 'ಪೀಂ'. ಎರಡೂ ಬಂದರೆ ಪ್ರೊಸೆಸರ್ ಎದ್ದಿದೆ ಎಂದರ್ಥ. ಮೊದಲಿನ ಸದ್ದೇ ಎಳೆದುಕೊಂಡು ನಿಂತರೆ ಕರೆಂಟ್ ಬಂದಿದೆ, ಮೆದುಳು ಎದ್ದಿಲ್ಲ ಎಂದರ್ಥ.

ಒಂದು ಎಚ್ಚರಿಕೆಯ ಮಾತು. ಇಂಥ ಡಬ್ಬಿಯ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚು ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಸ್ವಲ್ಪ ಹೊತ್ತು ಉಳಿಯಬಹುದು. ಪ್ರಾಣ ತೆಗೆಯಲು ಅಷ್ಟು ಸಾಕು. ಕೆಲಸ ಗೊತ್ತಿರುವವರು ಮಾತ್ರ ಡಬ್ಬಿ ಬಿಚ್ಚಬೇಕು.

ಬಿಚ್ಚಲಾಗದ ಡಬ್ಬಿ

ಇದೇ ಕಾಲದ ಇನ್ನೊಂದು ಯಂತ್ರದ ಕಥೆ ಪಕ್ಕದಲ್ಲಿಟ್ಟು ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. 1982ರಲ್ಲಿ ಬಂದ ಕಮೊಡೋರ್ 64 ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಕಂಪ್ಯೂಟರ್ ಮಾದರಿ ಎಂದು ಹೆಸರಾದದ್ದು. ಒಂದು ಕೋಟಿಗೂ ಮೀರಿ ಮಾರಾಟವಾಯಿತು. ಅದರ ಪವರ್ ಸಪ್ಲೈ ಯಂತ್ರದ ಹೊರಗೆ, ಇಟ್ಟಿಗೆಯಂಥ ಒಂದು ಕಪ್ಪು ಡಬ್ಬಿಯಲ್ಲಿತ್ತು. ಹಲವು ಮಾದರಿಗಳಲ್ಲಿ ಅದರ ಒಳಗೆಲ್ಲ ಅಂಟಿನಂಥ ರಾಳ ಸುರಿದು ಗಟ್ಟಿ ಮಾಡಿಬಿಟ್ಟಿದ್ದರು. ಬಿಸಿ ಹೊರಗೆ ಹೋಗಲು ಜಾಗ ಇಲ್ಲ. ರಿಪೇರಿ ಮಾಡಲು ಬಿಚ್ಚುವಂತೆಯೂ ಇಲ್ಲ.

ಅದು ಕೆಡುವ ರೀತಿಯೂ ಕೆಟ್ಟದು. ಹೊಗೆ ಇಲ್ಲ, ಸದ್ದಿಲ್ಲ. 5 ವೋಲ್ಟ್ ಕೊಡಬೇಕಾದ ಜಾಗದಲ್ಲಿ ವೋಲ್ಟೇಜ್ ಏರುತ್ತದೆ. ಯಂತ್ರದ ಮೆಮೊರಿ ಚಿಪ್ಪುಗಳು ಸುಡುತ್ತವೆ. ಚಿತ್ರ ಮೂಡಿಸುವ, ಸಂಗೀತ ನುಡಿಸುವ ಅದರ ವಿಶೇಷ ಚಿಪ್ಪುಗಳನ್ನು ಕಂಪನಿ ತಾನೇ ಮಾಡುತ್ತಿತ್ತು. 1994ರಲ್ಲಿ ಕಂಪನಿ ದಿವಾಳಿಯಾದ ಮೇಲೆ ಅವು ಹೊಸದಾಗಿ ತಯಾರಾಗುತ್ತಿಲ್ಲ. ಒಂದು ಸುಟ್ಟರೆ ಜಗತ್ತಿನಲ್ಲಿ ಒಂದು ಕಡಿಮೆಯಾಯಿತು ಎಂದೇ ಲೆಕ್ಕ. ಹಾಗಾಗಿ ಈಗ ಕಮೊಡೋರ್ 64 ಇಟ್ಟುಕೊಂಡವರು ಹಳೇ ಇಟ್ಟಿಗೆಯನ್ನು ಪಕ್ಕಕ್ಕಿಟ್ಟು ಹೊಸ ಸಪ್ಲೈ ಬಳಸುತ್ತಾರೆ, ಇಲ್ಲವೇ ವೋಲ್ಟೇಜ್ ಏರಿದರೆ ಲೈನ್ ಕಡಿಯುವ ಒಂದು ಸಣ್ಣ ಕಾವಲು ಸಾಧನ ಮಧ್ಯೆ ಹಾಕುತ್ತಾರೆ.

ಬಿಬಿಸಿ ಮೈಕ್ರೊದ ಡಬ್ಬಿಗೆ ಸ್ಕ್ರೂ ಇತ್ತು. ತಂತಿ ಕಳಚಿ ಡಬ್ಬಿಯನ್ನು ಹೊರಗೆ ತೆಗೆಯಬಹುದಿತ್ತು. ಏಕಾರ್ನ್ ರಿಪೇರಿಯವರಿಗಾಗಿ ಸರ್ವಿಸ್ ಮ್ಯಾನ್ಯುಯಲ್ ತಂದಿತ್ತು. ನಲವತ್ತು ವರ್ಷದ ಮೇಲೆ ಕೆಲವೇ ಕೆಪಾಸಿಟರುಗಳಲ್ಲಿ ಅದು ಮತ್ತೆ ಓಡುತ್ತದೆ ಎಂದರೆ ಅದಕ್ಕೆ ಇದೂ ಕಾರಣ. ವಸ್ತು ಎಷ್ಟು ವರ್ಷ ಬಾಳುತ್ತದೆ ಎನ್ನುವುದರಲ್ಲಿ ಅದನ್ನು ಬಿಚ್ಚಬಹುದೇ ಎನ್ನುವ ಪ್ರಶ್ನೆಯೂ ಸೇರಿದೆ.

ಮಕ್ಕಳು ಬರೆದ ಊರಿನ ಕಥೆ

ಹಳೇ ಯಂತ್ರ ಹೋದರೆ ಹೋಗಲಿ ಬಿಡಿ, ಹೊಸದು ಇದೆಯಲ್ಲ ಎನ್ನುವವರಿಗೆ ಈ ಸಂಗತಿ ಹೇಳಬೇಕು.

1086ರಲ್ಲಿ ಇಂಗ್ಲೆಂಡಿನ ರಾಜ ವಿಲಿಯಂ ತನ್ನ ರಾಜ್ಯದ ಲೆಕ್ಕ ತೆಗೆಸಿದ. ಯಾವ ಊರಿನಲ್ಲಿ ಯಾರ ಬಳಿ ಎಷ್ಟು ಭೂಮಿ, ಎಷ್ಟು ನೇಗಿಲು, ಎಷ್ಟು ಗಿರಣಿ ಎಂದೆಲ್ಲ ಬರೆಸಿದ. ಅದರ ಹೆಸರು ಡೂಮ್ಸ್‌ಡೇ ಪುಸ್ತಕ. ಅದಕ್ಕೆ 900 ವರ್ಷ ತುಂಬುವ ಹೊತ್ತಿಗೆ, 1986ರಲ್ಲಿ, ಬಿಬಿಸಿ ಅಂಥದ್ದೇ ಒಂದು ಹೊಸ ದಾಖಲೆ ಮಾಡಿಸಿತು. ದೇಶವನ್ನು ನಾಲ್ಕು ಕಿಲೋಮೀಟರ್ ಉದ್ದ, ಮೂರು ಕಿಲೋಮೀಟರ್ ಅಗಲದ ತುಂಡುಗಳಾಗಿ ಹಂಚಿಕೊಂಡು, ಶಾಲಾ ಮಕ್ಕಳು ತಮ್ಮ ಊರಿನ ಬಗ್ಗೆ ತಾವೇ ಬರೆದರು. ಏನು ಬೆಳೆಯುತ್ತಾರೆ, ಜನ ಏನು ಕೆಲಸ ಮಾಡುತ್ತಾರೆ, ಬಿಡುವಿನಲ್ಲಿ ಏನು ಮಾಡುತ್ತಾರೆ ಎಂದೆಲ್ಲ ಬರೆದರು, ಫೋಟೊ ತೆಗೆದರು. ಹತ್ತು ಲಕ್ಷಕ್ಕೂ ಹೆಚ್ಚು ಜನ ಕೈಜೋಡಿಸಿದ್ದರು. ಹಳ್ಳಿಯ ಬದುಕನ್ನು ಹಳ್ಳಿಯ ಮಕ್ಕಳೇ ವರದಿ ಮಾಡಿದ ಇಷ್ಟು ದೊಡ್ಡ ಕೆಲಸ ಅದಕ್ಕೂ ಮುಂಚೆ ಅಲ್ಲಿ ಆಗಿರಲಿಲ್ಲ.

ಆ ದಾಖಲೆಯನ್ನು ಸೇರಿಸಿದ್ದು ದೊಡ್ಡ ತಟ್ಟೆಯಂಥ ಲೇಸರ್ ಡಿಸ್ಕುಗಳಲ್ಲಿ. ಓದಲು ಬೇಕಾದದ್ದು ಫಿಲಿಪ್ಸ್ ಕಂಪನಿಯ ವಿಶೇಷ ಪ್ಲೇಯರ್ ಮತ್ತು ಬಿಬಿಸಿ ಮೈಕ್ರೊದ ಮುಂದಿನ ತಲೆಮಾರಾದ ಬಿಬಿಸಿ ಮಾಸ್ಟರ್ ಕಂಪ್ಯೂಟರ್. ಎರಡೂ ಸೇರಿ ಬೆಲೆ ಎಷ್ಟು ದುಬಾರಿಯಾಯಿತೆಂದರೆ, ಬರೆದುಕೊಟ್ಟ ಶಾಲೆಗಳಲ್ಲೇ ಹೆಚ್ಚಿನವು ಕೊಳ್ಳಲಾಗಲಿಲ್ಲ. ತಾವು ಬರೆದದ್ದನ್ನು ಪರದೆ ಮೇಲೆ ನೋಡದೆಯೇ ಎಷ್ಟೋ ಮಕ್ಕಳು ದೊಡ್ಡವರಾದರು.

ಹದಿನೈದು ವರ್ಷ ಕಳೆಯುವಷ್ಟರಲ್ಲಿ ಓಡುವ ಯಂತ್ರಗಳು ಅಪರೂಪವಾದವು. ಪ್ಲೇಯರ್ ಕೆಟ್ಟವು, ಕಂಪ್ಯೂಟರ್ ಕೆಟ್ಟವು. ಆ ಮಾಸ್ಟರ್ ಯಂತ್ರದ ಡಬ್ಬಿಯಲ್ಲೂ ಜೇನು ಬಣ್ಣದ ಕೆಪಾಸಿಟರ್ ಇತ್ತು. 900 ವರ್ಷದ ಹಳೇ ಪುಸ್ತಕವನ್ನು ಇವತ್ತೂ ತೆರೆದು ಓದಬಹುದು. 15 ವರ್ಷದ ಹೊಸ ದಾಖಲೆಯನ್ನು ಓದಲು ಯಂತ್ರ ಹುಡುಕಬೇಕಾಯಿತು.

ಕೊನೆಗೆ 2002ರ ಸುಮಾರಿಗೆ ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯಗಳ ಸಂಶೋಧಕರು ಹಳೇ ಯಂತ್ರದ ನಡವಳಿಕೆಯನ್ನು ಹೊಸ ಕಂಪ್ಯೂಟರಿನಲ್ಲಿ ಅನುಕರಿಸುವ ಸಾಫ್ಟ್‌ವೇರ್ ಮಾಡಿ ದಾಖಲೆಯನ್ನು ಮತ್ತೆ ತೋರಿಸಿದರು. ಆದರೆ ಡಿಸ್ಕಿನಿಂದ ಮಾಹಿತಿ ಎತ್ತಿಕೊಳ್ಳಲು ಅವರಿಗೂ ಓಡುವ ಹಳೇ ಪ್ಲೇಯರ್ ಬೇಕೇ ಬೇಕಿತ್ತು. ಸಾಫ್ಟ್‌ವೇರ್ ಎಷ್ಟೇ ಜಾಣತನದ್ದಾದರೂ ಆರಂಭ ಮಾತ್ರ ಕರೆಂಟ್ ಹಿಡಿದು ತಿರುಗುವ ಒಂದು ಹಳೇ ಯಂತ್ರದಿಂದಲೇ ಆಗಬೇಕಾಯಿತು. ಯಾರೋ ಅದನ್ನು ಗುಜರಿಗೆ ಹಾಕದೆ ಇಟ್ಟುಕೊಂಡಿದ್ದರಿಂದ, ರಿಪೇರಿ ಗೊತ್ತಿದ್ದವರು ಇದ್ದದ್ದರಿಂದ, ಆ ಮಕ್ಕಳ ಬರಹ ಉಳಿಯಿತು.

ಸೊನ್ನೆ ತೋರಿಸಿದ ಮೀಟರ್

ಈಗ ಫೋನಿನ ಒಳಗಿರುವ ಎರಡನೇ ನಂಟು.

ಬಿಬಿಸಿ ಮೈಕ್ರೊ ಗೆದ್ದ ಮೇಲೆ ಏಕಾರ್ನ್ ತನ್ನದೇ ಪ್ರೊಸೆಸರ್ ಮಾಡಲು ಹೊರಟಿತು. ಮತ್ತೆ ಅದೇ ವಿಲ್ಸನ್, ಅದೇ ಫರ್ಬರ್. ಅವರಿಗೆ ದುಡ್ಡಿನ ಒಂದು ಕಟ್ಟುಪಾಡು ಇತ್ತು. ಚಿಪ್ಪು ಬಿಸಿಯಾದರೆ ದುಬಾರಿ ಸೆರಾಮಿಕ್ ಕವಚ ಬೇಕು. ಅಗ್ಗದ ಪ್ಲಾಸ್ಟಿಕ್ ಕವಚ ಸಾಕಾಗಬೇಕಾದರೆ ಅದು ತಿನ್ನುವ ಕರೆಂಟ್ ಒಂದು ವಾಟ್ ಒಳಗಿರಬೇಕು. ಹಾಗೆಂದು ಪ್ರತಿಯೊಂದು ಹಂತದಲ್ಲೂ ಜಾಗ್ರತೆ ವಹಿಸಿದರು.

1985ರ ಏಪ್ರಿಲ್ 26ರಂದು ಮೊದಲ ಚಿಪ್ಪು ಕೈಗೆ ಬಂತು. ಪರೀಕ್ಷೆಗೆ ಅದನ್ನು ಜೋಡಿಸಿದ್ದು ಒಂದು ಬಿಬಿಸಿ ಮೈಕ್ರೊಗೇ. ಮೊದಲ ದಿನವೇ ಕೆಲಸ ಮಾಡಿತು. ಅದು ಎಷ್ಟು ಕರೆಂಟ್ ತಿನ್ನುತ್ತದೆ ನೋಡೋಣವೆಂದು ಫರ್ಬರ್ ಮೀಟರ್ ಹಾಕಿದರು. ಮೀಟರ್ ಸೊನ್ನೆ ತೋರಿಸಿತು. ಚಿಪ್ಪು ಓಡುತ್ತಿದೆ, ಕರೆಂಟ್ ಮಾತ್ರ ಹೋಗುತ್ತಿಲ್ಲ!

ಹುಡುಕಿದಾಗ ಗೊತ್ತಾದದ್ದು ಇಷ್ಟು. ಬೋರ್ಡಿನ ದೋಷದಿಂದ ಚಿಪ್ಪಿಗೆ ಪವರ್ ಸಪ್ಲೈ ತಂತಿಯೇ ಸೇರಿರಲಿಲ್ಲ. ಸುತ್ತಲಿನ ಚಿಪ್ಪುಗಳಿಂದ ಸಿಗ್ನಲ್ ಕಾಲುಗಳ ಮೂಲಕ ಸೋರಿಬರುತ್ತಿದ್ದ ಚೂರುಪಾರು ಕರೆಂಟಿನಲ್ಲೇ ಅದು ಓಡುತ್ತಿತ್ತು. ಸರಿಯಾಗಿ ಅಳೆದಾಗ ಬಳಕೆ ಒಂದು ವಾಟಿನ ಹತ್ತನೇ ಒಂದು ಭಾಗದಷ್ಟು.

ಆ ಚಿಪ್ಪಿನ ಹೆಸರು ಆರ್ಮ್. ಬ್ಯಾಟರಿಯಲ್ಲಿ ಓಡುವ ಸಾಧನಗಳ ಕಾಲ ಬಂದಾಗ, ಇಷ್ಟು ಕಡಿಮೆ ತಿಂದು ಇಷ್ಟು ದುಡಿಯುವ ಚಿಪ್ಪು ಎಲ್ಲರಿಗೂ ಬೇಕಾಯಿತು. ಇವತ್ತು ಹೆಚ್ಚುಕಡಿಮೆ ಎಲ್ಲ ಸ್ಮಾರ್ಟ್‌ಫೋನುಗಳ ಮೆದುಳು ಅದೇ ವಂಶದ್ದು. ನಿಮ್ಮ ಕೈಯಲ್ಲಿರುವುದು ಬಿಬಿಸಿ ಮೈಕ್ರೊ ಮಾಡಿದವರ ಮನೆಯ ಕುಡಿ.

ನಮ್ಮೂರಿನ ಅಟ್ಟದ ಮೇಲೆ

ನಮ್ಮ ಶಾಲೆ, ಸಹಕಾರ ಸಂಘ, ಡಿಟಿಪಿ ಅಂಗಡಿಗಳ ಸ್ಟೋರ್ ರೂಮಿನಲ್ಲೂ ಹಳೇ ಕಂಪ್ಯೂಟರುಗಳಿರುತ್ತವೆ. ಬಿಬಿಸಿ ಮೈಕ್ರೊ ಅಥವಾ ಯೂನಿಕಾರ್ನ್ ಸಿಕ್ಕರೆ ಅದು ದೇಶದ ಶಿಕ್ಷಣ ಚರಿತ್ರೆಯ ಒಂದು ವಸ್ತು ಎಂದೇ ತಿಳಿಯಿರಿ. ತೀರಾ ಹಳೆಯದಲ್ಲದ ಯಂತ್ರವಾದರೂ ಒಳಗೆ ಏನಿದೆಯೋ ಯಾರಿಗೆ ಗೊತ್ತು. ಹಾಲಿನ ಡೇರಿಯ ಮೊದಲ ವರ್ಷಗಳ ಲೆಕ್ಕ ಇರಬಹುದು, ಊರ ಹಬ್ಬದ ಸಂಚಿಕೆ ಇರಬಹುದು, ತೀರಿಕೊಂಡ ಮೇಷ್ಟ್ರು ಟೈಪ್ ಮಾಡಿಸಿಟ್ಟ ಊರಿನ ಇತಿಹಾಸ ಇರಬಹುದು.

ಗುಜರಿಯವನು ತೂಕಕ್ಕೆ ಹಾಕುವ ಮುಂಚೆ ಅದನ್ನು ಒಮ್ಮೆ ತೆಗೆದಿಡಿಸಿ. ಏನಿದೆ ನೋಡೇಬಿಡೋಣ ಎಂದು ತಕ್ಷಣ ಸ್ವಿಚ್ ಹಾಕಬೇಡಿ. ಮೋಟರ್ ವೈಂಡಿಂಗ್ ಮಾಡುವವರನ್ನೋ ಟಿವಿ ರಿಪೇರಿ ಮಾಡುತ್ತಿದ್ದ ಹಿರಿಯರನ್ನೋ ಕರೆದು, ಪವರ್ ಸಪ್ಲೈ ಡಬ್ಬಿಯನ್ನು ಮೊದಲು ನೋಡಿಸಿ. ಉಬ್ಬಿದ ಕಂಡೆನ್ಸರ್ ಗುರುತಿಸುವ ಕಣ್ಣು, ಸೀರೀಸ್ ಬಲ್ಬ್ ಹಾಕುವ ತಾಳ್ಮೆ ಅವರಲ್ಲಿದೆ. ಒಂದು ಕಂಡೆನ್ಸರಿನ ಬೆಲೆ ಹತ್ತಿಪ್ಪತ್ತು ರೂಪಾಯಿ ಇದ್ದೀತು. ಅದರ ಹಿಂದೆ ಇರುವ ಬರಹಕ್ಕೆ ಬೆಲೆ ಕಟ್ಟುವುದು ಊರಿನವರಿಗೆ ಬಿಟ್ಟದ್ದು.